ತಂದೆ-ತಾಯಿಯರ ಅಗಲಿಕೆ ಮತ್ತು ಮಕ್ಕಳ ಮನಃಸ್ವಾಸ್ಥ್ಯ

ದಾಂಪತ್ಯವು ಮುರಿದಾಗ ಗಂಡ-ಹೆಂಡಿರ ಸಂಬಂಧ ಕೊನೆಗೊಳ್ಳಬಹುದು. ಆದರೆ ಅವರಿಬ್ಬರೊಡನೆ ಮಗುವಿಗಿರುವ ಸಂಬಂಧ ಕೊನೆಗೊಳ್ಳುವುದಿಲ್ಲ. ಅಗಲಿಕೆಯು ಮಕ್ಕಳಲ್ಲಿ ಉಂಟುಮಾಡುವ ಒತ್ತಡಕ್ಕೆ ಈ ವೈಷಮ್ಯವೇ ಒಂದು ಮುಖ್ಯ ಕಾರಣ. 'ಒಡೆದ ಮನೆಯ ಮಕ್ಕಳು' ಎಂಬ ರೂಢಿಯ ಮಾತು ಅಂಥ ಮಕ್ಕಳ ಭವಿಷ್ಯದ ಬಗೆಗೆ ಮುಂಚಿತವಾಗಿಯೇ ತೀರ್ಪು ನೀಡಿಬಿಡುತ್ತದೆ. ಹಾನಿಯು ಅಗಲಿಕೆಯಿಂದಲೇ ಬರುತ್ತದೆಯೇ ಅಥವಾ ಅದರ ಹಿಂದುಮುಂದಿನ ಸನ್ನಿವೇಶಗಳಿಂದಲೇ ಎಂಬುದು ಇಲ್ಲಿ ವಿವೇಚಿಸಬೇಕಾದ ಪ್ರಶ್ನೆ.

ಈ ಕ್ಷೇತ್ರದ ಪ್ರಸಿದ್ಧ ಅಧ್ಯಯನವೊಂದನ್ನು ಜುಡಿತ್ ವಾಲರ್‌ಸ್ಟೈನ್ ಮತ್ತು ಜೋನ್ ಕೆಲ್ಲಿ ಅವರು 1971ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದರು. 60 ಕುಟುಂಬಗಳ 131 ಮಕ್ಕಳು ಇದರ ವ್ಯಾಪ್ತಿಯಲ್ಲಿದ್ದರು. ದುಃಖವು ವಯೋಮಾನಕ್ಕೆ ಅನುಗುಣವಾಗಿ ಭಿನ್ನ ರೂಪಗಳನ್ನು ತಳೆಯುವುದನ್ನು ಅವರು ಗುರುತಿಸಿದರು. ಎಳೆಯ ಮಕ್ಕಳು ತಮ್ಮ ತಪ್ಪಿನಿಂದಲೇ ಮನೆ ಮುರಿಯಿತೆಂದು ಭಾವಿಸುತ್ತಿದ್ದರು. ತುಸು ದೊಡ್ಡವರು ತಂದೆ-ತಾಯಿ ಮತ್ತೆ ಒಂದಾಗುವರೆಂದು ಹಂಬಲಿಸುತ್ತಿದ್ದರು. ಹತ್ತರ ಆಸುಪಾಸಿನವರು ಸಿಟ್ಟಿನಿಂದ ಒಬ್ಬರ ಪಕ್ಷ ವಹಿಸುತ್ತಿದ್ದರು. ಆದರೆ ಆರಂಭದಲ್ಲಿ ಹೋಲಿಕೆಗೆ ಅವಿಚ್ಛಿನ್ನ ಕುಟುಂಬಗಳ ಮಕ್ಕಳ ಗುಂಪು ಇಲ್ಲದಿದ್ದುದು ಈ ಅಧ್ಯಯನದ ದೊಡ್ಡ ಕೊರತೆ.

ಆ ಕೊರತೆಯನ್ನು ನಂತರದ ಸಂಶೋಧನೆಗಳು ತುಂಬಿದವು. ಪಾಲ್ ಅಮಾಟೊ ಮತ್ತು ಬ್ರೂಸ್ ಕೀತ್ ಅವರು 1991ರಲ್ಲಿ 92 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ವಿಚ್ಛೇದಿತರ ಮಕ್ಕಳ ಸ್ಥಿತಿಯು ಸರಾಸರಿಯಲ್ಲಿ ಕೆಳಮಟ್ಟದ್ದಾಗಿದ್ದರೂ ಅಂತರವು ಅಲ್ಪವೆಂದು ಕಂಡುಬಂದಿತು. ಒಂದೇ ಸೂರಿನಡಿ ನಿತ್ಯ ಕಲಹದಲ್ಲಿ ಬದುಕುವ ದಂಪತಿಗಳ ಮಕ್ಕಳ ಸ್ಥಿತಿಯು ವಿಚ್ಛೇದಿತರ ಮಕ್ಕಳಿಗಿಂತಲೂ ಹೀನವಾಗಿತ್ತು. ಅದೇ ವರ್ಷ ಆಂಡ್ರ್ಯೂ ಚೆರ್ಲಿನ್ ಮತ್ತು ಸಂಗಡಿಗರು, 1958ರ ಮಾರ್ಚ್‌ನ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ ಜನಿಸಿದ ಮಕ್ಕಳ ದಾಖಲೆಗಳನ್ನು ಬಳಸಿ ಮತ್ತೊಂದು ಸಂಗತಿಯನ್ನು ತೋರಿಸಿದರು. ವಿಚ್ಛೇದನದ ಪರಿಣಾಮವೆಂದು ತೋರುತ್ತಿದ್ದ ತೊಂದರೆಗಳಲ್ಲಿ ಬಹುಪಾಲು, ವಿಶೇಷವಾಗಿ ಗಂಡುಮಕ್ಕಳಲ್ಲಿ, ಅಗಲಿಕೆಗೆ ಮೊದಲೇ ಇದ್ದವು. ಇದೇ ಮಕ್ಕಳನ್ನು 33ನೆಯ ವಯಸ್ಸಿನವರೆಗೆ ಅನುಸರಿಸಿದ 1998ರ ವಿಶ್ಲೇಷಣೆಯು, ಪರಿಣಾಮದ ಒಂದಂಶಕ್ಕೆ ವಿಚ್ಛೇದನ ಮತ್ತು ಅದರ ಅನಂತರದ ಬದುಕೂ ಕಾರಣವೆಂದು ತಿಳಿಸಿತು. ಕಲಹ ತೀವ್ರವಾಗಿದ್ದ ಮನೆಗಳಲ್ಲಿ ಅಗಲಿಕೆಯು ಮಕ್ಕಳಿಗೆ ಬಿಡುಗಡೆಯಾಗಬಹುದು, ಮೇಲ್ನೋಟಕ್ಕೆ ಶಾಂತವಾಗಿದ್ದ ಮನೆಗಳಲ್ಲಿ ಅನಿರೀಕ್ಷಿತ ಆಘಾತವಾಗಬಹುದು ಎಂಬುದನ್ನು ಅಮಾಟೊ ಮತ್ತು ಅಲನ್ ಬೂತ್ ಅವರು 1997ರಲ್ಲಿ ಪ್ರತಿಪಾದಿಸಿದರು.

ಆದುದರಿಂದ ಅಗಲಿಕೆಯನ್ನು ಒಂದು ಘಟನೆಯೆಂದಲ್ಲ, ದೀರ್ಘ ಪ್ರಕ್ರಿಯೆಯೆಂದು ತಿಳಿಯುವುದು ಯುಕ್ತ. ಮನೆ, ಶಾಲೆ, ಗೆಳೆಯರ ಬದಲಾವಣೆ, ಆದಾಯದ ಕುಸಿತ, ಒಬ್ಬ ಪಾಲಕರ ಒಡನಾಟದ ನಷ್ಟ ಇವೆಲ್ಲ ಒಂದರ ಮೇಲೊಂದು ಬಂದಾಗ ಒತ್ತಡವು ಮಗುವಿನ ನಿದ್ರೆ, ಕಲಿಕೆ, ನಡವಳಿಕೆಗಳಲ್ಲಿ ಪ್ರಕಟವಾಗುತ್ತದೆ. ತಂದೆ-ತಾಯಿಯರು ಮಗುವನ್ನೇ ದೂತನನ್ನಾಗಿ ಅಥವಾ ಸಾಕ್ಷಿಯನ್ನಾಗಿ ಬಳಸಿದಾಗ, ಒಬ್ಬರನ್ನು ಪ್ರೀತಿಸುವುದೇ ಮತ್ತೊಬ್ಬರಿಗೆ ಬಗೆದ ದ್ರೋಹವೆಂಬ ಇಕ್ಕಟ್ಟು ಅದಕ್ಕೆ ಒದಗುತ್ತದೆ.

ಈ ತಿಳಿವಳಿಕೆಯು ಕರ್ನಾಟಕವೂ ಸೇರಿದಂತೆ ಭಾರತದ ಕೌಟುಂಬಿಕ ನ್ಯಾಯಾಲಯಗಳಿಗೆ ನೇರವಾಗಿ ಸಂಬಂಧಿಸಿದುದು. ಹಿಂದೂ ಕುಟುಂಬಗಳಿಗೆ ಅನ್ವಯಿಸುವ 1956ರ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮವು ಮಗುವಿನ ಕ್ಷೇಮವನ್ನೇ ಪರಮ ಪರಿಗಣನೆಯೆಂದು ಸಾರುತ್ತದೆ. 1890ರ ಪಾಲಕರ ಮತ್ತು ಪಾಲ್ಯರ ಅಧಿನಿಯಮವು ವಿವೇಚನಾಶಕ್ತಿಯುಳ್ಳ ಮಗುವಿನ ಇಚ್ಛೆಯನ್ನು ಪರಿಗಣಿಸಲು ಅವಕಾಶ ನೀಡುತ್ತದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದಲ್ಲಿ ಸಂಧಾನ ಹಾಗೂ ಆಪ್ತಸಮಾಲೋಚನೆಗೆ ಎಡೆಯಿದೆ. ಕಾನೂನು ಆಯೋಗವು 2015ರ ತನ್ನ 257ನೆಯ ವರದಿಯಲ್ಲಿ ಜಂಟಿ ಪಾಲನೆಯ ಆಯ್ಕೆಯನ್ನು ಶಾಸನದಲ್ಲಿ ಸೇರಿಸುವಂತೆ ಶಿಫಾರಸು ಮಾಡಿತು. ಆದರೆ ತಂದೆ-ತಾಯಿಯರ ವೈರವು ತಣಿಯದೆ ಉಳಿದರೆ, ಜಂಟಿ ಪಾಲನೆಯೂ ಕಲಹವನ್ನು ಎರಡು ಮನೆಗಳಿಗೆ ಹಂಚುವ ವ್ಯವಸ್ಥೆಯಾದೀತು. ಮಗುವಿನ ಇಚ್ಛೆಯನ್ನು ಕೇಳುವುದು ಅದರ ಹಕ್ಕನ್ನು ಮನ್ನಿಸುವ ಕ್ರಮ. ಇಬ್ಬರಲ್ಲಿ ಒಬ್ಬರನ್ನು ಆರಿಸೆಂದು ಒತ್ತಾಯಿಸುವುದು ಮತ್ತೊಂದು ಗಾಯ.

ಒಟ್ಟಿನಲ್ಲಿ, ಮಕ್ಕಳಿಗಾಗಿ ದಾಂಪತ್ಯವನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ವಾದಕ್ಕಾಗಲಿ, ಅಗಲಿಕೆಯು ಮಕ್ಕಳನ್ನು ತಟ್ಟದೆಂಬ ವಾದಕ್ಕಾಗಲಿ ಸಂಶೋಧನೆಯ ಪೂರ್ಣ ಬೆಂಬಲವಿಲ್ಲ. ಕಲಹದ ಶಮನ, ಪಾಲಕರಿಬ್ಬರೊಡನೆ ಸುರಕ್ಷಿತ ಒಡನಾಟ, ದಿನಚರಿಯ ಸ್ಥಿರತೆ, ತಡವಿಲ್ಲದ ನ್ಯಾಯನಿರ್ಣಯ ಇವು ದೊರೆತ ಮಕ್ಕಳಲ್ಲಿ ಹೆಚ್ಚಿನವರು ಕಾಲಕ್ರಮೇಣ ಚೇತರಿಸಿಕೊಳ್ಳುತ್ತಾರೆ. ಅವನ್ನು ಒದಗಿಸುವ ಹೊಣೆಯು ಹಿರಿಯರದೇ ಹೊರತು ಮಕ್ಕಳದಲ್ಲ.