ಮಣಿಕಟ್ಟಿಗೊಂದು ಹೊರೆಗಲ್ಲು

ಬರೆಯುವವನ ಕೈಗೂ ಹೊರೆಯುಂಟೆಂಬುದನ್ನು ನಾನು ಕಳೆದ ವರ್ಷ ಅರಿತೆನು. ಹನೂರು ತಾಲ್ಲೂಕಿನ ಶಾಗ್ಯ ನಮ್ಮೂರು. ಅಲ್ಲಿಯ ಹಿರಿಯರೊಬ್ಬರು ಕಂಸಾಳೆ ಹಿಡಿದು ಹಾಡಿದ ಮಲೆಯ ಮಾದೇಶ್ವರನ ಕಥೆಯನ್ನು ಧ್ವನಿಮುದ್ರಿಸಿಕೊಂಡು, ಗಣಕಯಂತ್ರದಲ್ಲಿ ಬೆರಳಚ್ಚು ಮಾಡಲು ತೊಡಗಿದ್ದೆನು. ಹಾಡಿದವರಿಗೆ ಎಂಬತ್ತು ದಾಟಿದೆ. ಅರ್ಥವಾಗದ ಮಾತುಗಳನ್ನು ಅವರಿರುವಾಗಲೇ ಕೇಳಿ ತಿಳಿಯಬೇಕು. ಅರ್ಧ ಕಥೆ ಮುಗಿಯುವಷ್ಟರಲ್ಲಿ ನನ್ನ ಬಲಗೈ ಮುಷ್ಕರ ಹೂಡಿತು. ರಾತ್ರಿಯ ಹೊತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿದು ಎಚ್ಚರವಾಗತೊಡಗಿತು.

ವೈದ್ಯರು ಕೈಯನ್ನು ಪರೀಕ್ಷಿಸಿ, ಒಂದು ಚಿತ್ರ ಬರೆದು ತೋರಿಸಿದರು. ಮಣಿಕಟ್ಟಿನಲ್ಲಿ ಎಂಟು ಸಣ್ಣ ಎಲುಬುಗಳಿವೆ. ಅವುಗಳ ಮೇಲೆ, ಅಂಗೈಯ ಕಡೆಗೆ, ಗಟ್ಟಿಯಾದೊಂದು ಪಟ್ಟಿ ಹೊದಿಸಿದೆ. ನಡುವಣ ಇಕ್ಕಟ್ಟಾದ ಓಣಿಯಲ್ಲಿ ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಸಾಗಬೇಕು. ಕೈ ಮೇಲಕ್ಕೋ ಕೆಳಕ್ಕೋ ಬಾಗಿದರೆ, ಅಥವಾ ಆ ಜಾಗದ ಮೇಲೆಯೇ ಭಾರ ಬಿದ್ದರೆ, ಓಣಿಯಲ್ಲಿ ಒತ್ತಡ ಹೆಚ್ಚುತ್ತದೆ. ನೋಯುವುದು ಆ ನರ.

ಕನ್ನಡ ಬರೆಯುವವರಿಗೆ ಇನ್ನೊಂದು ತೊಡಕುಂಟು. ಕೆ. ಪಿ. ರಾಯರ ವಿನ್ಯಾಸವನ್ನು ಆಧರಿಸಿದ ನುಡಿ ತಂತ್ರಾಂಶದ ಕೀಲಿಮಣೆ ಕಲಿಯಲು ಸುಲಭವೇ ಸರಿ. ಆದರೆ ದೀರ್ಘಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಒತ್ತಕ್ಷರಕ್ಕೆ ಪ್ರತ್ಯೇಕ ಕೀಲಿ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಏಳು ಒತ್ತುಗಳು! ಶಿಫ್ಟ್‌ಗಾಗಿ ಕಿರುಬೆರಳು ಚಾಚಿದಾಗಲೆಲ್ಲ ಮಣಿಕಟ್ಟು ಪಕ್ಕಕ್ಕೆ ಬಾಗುತ್ತದೆ. ಹಳೆಯ ಬೆರಳಚ್ಚು ಯಂತ್ರದಲ್ಲಾದರೂ ಸಾಲು ಮುಗಿದಾಗ ಸನ್ನೆಯನ್ನು ತಳ್ಳಬೇಕಿತ್ತು, ಹಾಳೆ ಮುಗಿದಾಗ ಹೊಸದನ್ನು ಏರಿಸಬೇಕಿತ್ತು. ಕೈಗೆ ಬಿಡುವು ತಾನಾಗಿಯೇ ಒದಗುತ್ತಿತ್ತು. ಗಣಕಯಂತ್ರ ಯಾರಿಗೂ ನಿಲ್ಲೆಂದು ಹೇಳುವುದಿಲ್ಲ.

ಅಂಗಡಿಯವರು ರಿಸ್ಟ್ ರೆಸ್ಟ್ ಎನ್ನುವ ಮಣಿಕಟ್ಟಿನ ದಿಂಬನ್ನು ಕೊಂಡು ತಂದೆನು. ಇದ್ದುದರಲ್ಲಿ ಅತ್ಯಂತ ಮೆತ್ತನೆಯದನ್ನೇ ಆರಿಸಿದ್ದೆನು. ನೋವು ಕಡಮೆಯಾಗುವುದಿರಲಿ, ಹೆಚ್ಚಾಯಿತು. ರಜೆಯಲ್ಲಿ ಊರಿಗೆ ಹೋದಾಗ ನಮ್ಮವ್ವ ಅದನ್ನು ನೋಡಿ, "ಇದೇನ್ ಮಗ?" ಎಂದು ಕೇಳಿದಳು.

"ಕೈಗೆ ಹೊರೆಗಲ್ಲು ಕನವ್ವ," ಎಂದೆನು.

ತಲೆಹೊರೆಯವರು ನಡೆಯುತ್ತಿದ್ದ ದಾರಿಗಳಲ್ಲಿ ಎರಡು ಕಂಬಗಳ ಮೇಲೆ ಅಡ್ಡಲಾಗಿ ಚಪ್ಪಡಿಯಿಟ್ಟ ಹೊರೆಗಲ್ಲುಗಳನ್ನು ವಾಚಕರು ಕಂಡಿರಬಹುದು. ಅವ್ವ ಗಳಿಗೆ ಹೊತ್ತು ನನ್ನ ಬೆರಳಾಟವನ್ನೇ ನೋಡಿ ಹೇಳಿದಳು: "ಹೊರೆಗಲ್ಲಾದ್ರೆ ಅಲ್ಲಿ ನಿಂತ್ಕಬೇಕು ಕನ ಮಗ. ನೀನು ಹೊರೆನೂ ಇಳಿಸ್ದೆ, ನಡೆಯೋದ್ನೂ ಬಿಡ್ದೆ ಇದ್ದೀಯಲ್ಲ!"

ಶಾಸ್ತ್ರವೂ ಹೇಳುವುದು ಇದನ್ನೇ. ದಿಂಬು ಬಿಡುವಿನ ವೇಳೆಗೆ. ಬೆರಳುಗಳು ಕೆಲಸದಲ್ಲಿರುವಾಗ ಕೈ ಅದರ ಮೇಲೆ ತೇಲುತ್ತಿರಬೇಕು. ಒರಗುವಾಗಲೂ ಭಾರ ಬೀಳಬೇಕಾದುದು ಅಂಗೈಯ ಬುಡದ ಮೇಲೆ, ಮಣಿಕಟ್ಟಿನ ಒಳಮಗ್ಗುಲ ಮೇಲಲ್ಲ.

ಇನ್ನು ಆಯ್ಕೆಯ ಮಾತು. ಹೊರೆಗಲ್ಲಿನ ಗುಣವೆಲ್ಲ ಅದರ ಎತ್ತರದಲ್ಲಿದೆ. ಆಳೆತ್ತರಕ್ಕೆ ಸರಿಯಾಗಿದ್ದರೆ ಮಾತ್ರ ಒಬ್ಬನೇ ಹೊರೆ ಇಳಿಸಿ ಮತ್ತೆ ಏರಿಸಿಕೊಳ್ಳಬಲ್ಲ. ದಿಂಬಿಗೂ ಅದೇ ನಿಯಮ: ಕೀಲಿಮಣೆಯ ಮುಂದಂಚಿಗಿಂತ ಎತ್ತರವಾಗಿರಕೂಡದು. ತೆಳ್ಳನೆಯ ಕೀಲಿಮಣೆಗೆ ತೆಳ್ಳನೆಯ ದಿಂಬು ಸಾಕು; ಕೆಲವಕ್ಕೆ ದಿಂಬೇ ಬೇಡ. ಹೆಬ್ಬೆರಳಿನಿಂದ ಅದುಮಿ ನೋಡಿ. ತಳ ಮುಟ್ಟುವಷ್ಟು ಕುಸಿದರೆ ಅದು ನಿಷ್ಪ್ರಯೋಜಕ. ಉದ್ದ ಕೀಲಿಮಣೆಯಷ್ಟಿರಲಿ, ಅಂಚು ದುಂಡಗಿರಲಿ, ಬೆವರುವ ಕೈಗೆ ಬಟ್ಟೆಯ ಹೊದಿಕೆಯಿರಲಿ. ಮೌಸಿನ ದಿಂಬಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು: ಮಣಿಕಟ್ಟನ್ನು ಒಂದೆಡೆ ನೆಟ್ಟು ಕೈ ತಿರುಗಿಸುವುದಕ್ಕಿಂತ, ಮೊಣಕೈಯಿಂದ ಇಡೀ ತೋಳನ್ನು ಸರಿಸುವುದು ಲೇಸು.

ಇವೆಲ್ಲಕ್ಕೂ ಮೊದಲು ಮೇಜು ಕುರ್ಚಿಗಳನ್ನು ನೋಡಿಕೊಳ್ಳಬೇಕು. ಮೊಣಕೈ ಕೀಲಿಗಳ ಎತ್ತರಕ್ಕಿರಲಿ. ಕೀಲಿಮಣೆಯ ಹಿಂದಣ ಕಾಲುಗಳನ್ನು ಮಡಿಸಿಬಿಡಿ. ಜೋಮು ಬಿಡದಿದ್ದರೆ ವೈದ್ಯರಲ್ಲಿಗೆ ಹೋಗತಕ್ಕದ್ದು, ದಿಂಬು ಔಷಧವಲ್ಲ.

ಈಗ ನನ್ನ ಮೇಜಿನ ಮೇಲೆ ಗಟ್ಟಿಯಾದ, ತಗ್ಗಾದ ದಿಂಬೊಂದಿದೆ. ಜೋಮು ಇಳಿದಿದೆ, ಕಥೆ ಮುಂದೆ ಸಾಗಿದೆ. ಧ್ವನಿಮುದ್ರಣವನ್ನು ಕೇಳುತ್ತ ಕೇಳುತ್ತ ನಾನೊಂದು ಸಂಗತಿಯನ್ನು ಗಮನಿಸಿದೆನು. ಮುಮ್ಮೇಳದ ಹಿರಿಯರು ಪ್ರತಿ ನುಡಿಯ ಕೊನೆಗೂ ನಿಲ್ಲುತ್ತಾರೆ. ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಅವರ ಉಸಿರು ಹಿಂದಿರುಗುತ್ತದೆ. ರಾತ್ರಿಯಿಡೀ ಹಾಡುವ ಶಕ್ತಿ ಅವರಿಗೆ ಬಂದುದು ಹೀಗೆ. ಸೊಲ್ಲು ಕೇಳಿಸಿದಾಗಲೆಲ್ಲ ನಾನೂ ಕೈಗಳನ್ನು ದಿಂಬಿನ ಮೇಲೆ ಇಳಿಸುತ್ತೇನೆ. ಹಿರಿಯರು ಮತ್ತೆ ದನಿಯೆತ್ತಿದಾಗ ಮೇಲಕ್ಕೆತ್ತುತ್ತೇನೆ.