‘ಹಾಗಾಗಿದ್ದರೆ...’: ಬಿಜಾಪುರದ ಬಾಲ ಸುಲ್ತಾನರು ಮತ್ತು ನಮ್ಮ ಮನೆಯ ಅನಾಥ ಮಕ್ಕಳು



ಮದರಸಾದ ಮಕ್ಕಳನ್ನು ಕರೆದುಕೊಂಡು ನಾವು ಹೊನವಾಡದಿಂದ ತಿಕೋಟಾ ಮಾರ್ಗವಾಗಿ ವಿಜಯಪುರಕ್ಕೆ ಹೋಗಿದ್ದೆವು. ಗೋಲಗುಮ್ಮಟ, ಇಬ್ರಾಹೀಮ್ ರೋಜಾ ನೋಡಿದ ಮೇಲೆ ಕೊನೆಯ ಸುಲ್ತಾನ ಸಿಕಂದರ್ ಆದಿಲ್ ಶಾಹನ ಸಮಾಧಿಗೂ ಹೋದೆವು. ಅದಕ್ಕೆ ಗುಮ್ಮಟವಿಲ್ಲ, ಬಯಲಿನಲ್ಲೇ ಇದೆ. ಅಲ್ಲಿ ಒಬ್ಬ ಹುಡುಗ ಕೇಳಿದ: “ಹಜರತ್, ಇವರು ಇನ್ನೂ ಕೂಸಾಗಿದ್ದಾಗ ಅಲ್ಲದೆ, ದೊಡ್ಡವರಾದ ಮೇಲೆ ಸುಲ್ತಾನರಾಗಿದ್ದರೆ ಬಿಜಾಪುರ ಉಳಿಯುತ್ತಿತ್ತಾ?”

ಅಂದು ನಾವು ಅರ್ಧ ಉತ್ತರ ಕೊಟ್ಟು ಬಸ್ ಹತ್ತಿಸಿದೆವು. ಉಳಿದ ಉತ್ತರವನ್ನು ಜುಮಾ ಖುತ್ಬಾದಲ್ಲಿ ಹೇಳಿದೆವು. ಅದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಮೊದಲು ‘ಹಾಗಾಗಿದ್ದರೆ’ ಎಂಬ ಮಾತನ್ನೇ ನೋಡೋಣ. ಸಹೀಹ್ ಮುಸ್ಲಿಮ್‌ನಲ್ಲಿ ಅಬೂ ಹುರೈರಾ(ರ) ವರದಿ ಮಾಡಿದ ಹದೀಸೊಂದಿದೆ. ಏನಾದರೂ ಸಂಕಟ ಬಂದಾಗ ‘ಹೀಗೆ ಮಾಡಿದ್ದರೆ ಹಾಗಾಗುತ್ತಿತ್ತು’ ಎನ್ನಬೇಡಿ, ಇದು ಅಲ್ಲಾಹನ ವಿಧಿ ಎನ್ನಿರಿ, ಆ ‘ರೆ’ ಎಂಬುದು ಶೈತಾನನ ಕೆಲಸಕ್ಕೆ ಬಾಗಿಲು ತೆರೆಯುತ್ತದೆ ಎಂಬುದು ಅದರ ಸಾರ. ಉಹುದ್ ಯುದ್ಧದ ನಂತರ ಕಪಟವಿಶ್ವಾಸಿಗಳು ‘ಅವರು ನಮ್ಮ ಜೊತೆಗೇ ಇದ್ದಿದ್ದರೆ ಸಾಯುತ್ತಿರಲಿಲ್ಲ’ ಎಂದಾಗ ಸೂರಃ ಆಲಿ ಇಮ್ರಾನ್‌ನಲ್ಲಿ ಅವರಿಗೆ ಕಟುವಾದ ಉತ್ತರ ಬಂತು.

ಹಾಗಾದರೆ ‘ರೆ’ ಪೂರ್ತಿ ನಿಷಿದ್ಧವೇ? ಅಲ್ಲ. ತಮಗೆ ನಂತರ ತಿಳಿದದ್ದು ಮೊದಲೇ ತಿಳಿದಿದ್ದರೆ ಹಜ್ಜಿಗೆ ಬಲಿಪ್ರಾಣಿಯನ್ನು ಜೊತೆಗೆ ತರುತ್ತಿರಲಿಲ್ಲ ಎಂದು ಪ್ರವಾದಿ(ಸ) ಅವರೇ ಹೇಳಿದ್ದಾರೆ. ಇಮಾಮ್ ಬುಖಾರಿಯವರು ‘ರೆ’ಯ ಅನುಮತಿಸಲ್ಪಟ್ಟ ಬಳಕೆಗೆಂದೇ ಒಂದು ಅಧ್ಯಾಯ ಬರೆದಿದ್ದಾರೆ. ವಿಧಿಯ ಮೇಲೆ ಸಿಟ್ಟಾಗಿ, ಕಳೆದದ್ದಕ್ಕೆ ಎದೆ ಬಡಿದುಕೊಳ್ಳಲು ಆಡುವ ‘ರೆ’ ಬೇರೆ. ನಾಳೆ ತಪ್ಪದಂತೆ ನೋಡಿಕೊಳ್ಳಲು ಆಡುವ ‘ರೆ’ ಬೇರೆ. ಹುಡುಗನ ಪ್ರಶ್ನೆಯನ್ನು ಎರಡನೆಯ ದಾರಿಯಲ್ಲಿ ನೋಡೋಣ.

ಆದಿಲಶಾಹಿ ಸಿಂಹಾಸನದ ಮೇಲೆ ಮೂರು ಸಲ ಚಿಕ್ಕ ಮಕ್ಕಳು ಕೂತರು.

ಮೊದಲನೆಯವನು ಇಸ್ಮಾಯಿಲ್. ತಂದೆ ಯೂಸುಫ್ ಆದಿಲ್ ಶಾಹ್ 1490ರ ಸುಮಾರಿಗೆ ಬಿಜಾಪುರ ರಾಜ್ಯ ಕಟ್ಟಿದವನು. 1510ರ ಆರಂಭದಲ್ಲಿ ಪೋರ್ಚುಗೀಸ್ ಸರದಾರ ಅಲ್ಬುಕರ್ಕ್ ಗೋವೆಯನ್ನು ಹಿಡಿದ. ಯೂಸುಫ್ ಮೇ ತಿಂಗಳಲ್ಲಿ ಅದನ್ನು ಮರಳಿ ಪಡೆದ. ಅದೇ ವರ್ಷ ಯೂಸುಫ್ ತೀರಿಕೊಂಡ, ನವೆಂಬರ್ 25ರಂದು ಗೋವೆ ಮತ್ತೆ ಕೈಬಿಟ್ಟಿತು. ಬಾಲಕನ ಪರವಾಗಿ ಆಡಳಿತ ಹಿಡಿದ ಕಮಾಲ್ ಖಾನ್ ಪೋರ್ಚುಗೀಸರೊಂದಿಗೆ ಸಂಧಿ ಮಾಡಿಕೊಂಡು, ಸಿಂಹಾಸನವನ್ನೇ ಕಬಳಿಸಲು ಹೊರಟ. ಮಗುವನ್ನು ಉಳಿಸಿದ್ದು ಅವನ ತಾಯಿ, ಮರಾಠಾ ಮನೆತನದಿಂದ ಬಂದ ಬೂಬೂಜಿ ಖಾನಮ್.

ಎರಡನೆಯವನು ಎರಡನೇ ಇಬ್ರಾಹೀಮ್. 1580ರಲ್ಲಿ ಒಂದನೇ ಅಲಿ ಆದಿಲ್ ಶಾಹ್ ಕೊಲೆಯಾದಾಗ ಅವನಿಗೆ ಗಂಡುಮಕ್ಕಳಿರಲಿಲ್ಲ. ತಮ್ಮನ ಮಗ, ಒಂಬತ್ತು ವರ್ಷದ ಇಬ್ರಾಹೀಮನನ್ನು ಪಟ್ಟಕ್ಕೆ ಕೂರಿಸಿದರು. ಆಡಳಿತಕ್ಕಾಗಿ ಸರದಾರರು ಒಬ್ಬರ ಮೇಲೊಬ್ಬರು ಬಿದ್ದರು. ಅಲಿಯ ವಿಧವೆ ಚಾಂದ್ ಬೀಬಿಯನ್ನು ಕಿಶ್ವರ್ ಖಾನ್ ಸಾತಾರಾ ಕೋಟೆಯಲ್ಲಿ ಸೆರೆಯಲ್ಲಿಟ್ಟ. ಬಿಡುಗಡೆಯಾದ ಮೇಲೂ ಆಕೆ ಮಗುವಿನ ಪಕ್ಕ ಬಿಡಲಿಲ್ಲ. ತನ್ನದಲ್ಲದ ಆ ಮಗುವಿನ ಹಕ್ಕನ್ನು ತನ್ನದಾಗಿಸಿಕೊಳ್ಳಲೂ ಇಲ್ಲ. ಅದೇ ಇಬ್ರಾಹೀಮ್ 1627ರವರೆಗೆ ಆಳಿದ. ಸಂಗೀತ, ಸಾಹಿತ್ಯ, ಕಟ್ಟಡ ಯಾವುದರಲ್ಲೂ ಬಿಜಾಪುರ ಅಷ್ಟು ಬೆಳೆದ ಕಾಲ ಇನ್ನೊಂದಿಲ್ಲ.

ಅದೇ 1580ರಲ್ಲಿ ಗೋವೆಯ ಒಡೆಯರಾದ ಪೋರ್ಚುಗಲ್ಲಿನಲ್ಲೂ ವಾರಸುದಾರನಿಲ್ಲದೆ ಸಿಂಹಾಸನ ಖಾಲಿಯಾಯಿತು. 24 ವರ್ಷದ ಅವಿವಾಹಿತ ರಾಜ ಸೆಬಾಸ್ಟಿಯನ್ 1578ರಲ್ಲಿ ಮೊರಾಕ್ಕೋದ ರಣರಂಗದಲ್ಲಿ ಸತ್ತಿದ್ದ. ಪಟ್ಟಕ್ಕೆ ಬಂದ ಮುದಿ ಪಾದ್ರಿ ಹೆನ್ರಿ 1580ರ ಜನವರಿಯಲ್ಲಿ ತೀರಿಕೊಂಡ. ನೆರೆಯ ಸ್ಪೇನಿನ ಎರಡನೇ ಫಿಲಿಪ್ ಸೈನ್ಯ ಕಳಿಸಿ ಪೋರ್ಚುಗಲ್ಲನ್ನು ತನ್ನದಾಗಿಸಿಕೊಂಡ. 1640ರವರೆಗೆ ಗೋವೆಗೂ ಸ್ಪೇನಿನ ದೊರೆಯೇ ದೊರೆ. ಒಂದೇ ವರ್ಷ ಎರಡು ಸಿಂಹಾಸನಗಳಿಗೆ ಮಗನಿಲ್ಲದಂತಾಯಿತು. ಒಂದನ್ನು ನೆರೆಯವನು ನುಂಗಿದ, ಒಂದು ಉಳಿಯಿತು.

ಮೂರನೆಯವನು ನಮ್ಮ ಹುಡುಗ ನೋಡಿದ ಸಮಾಧಿಯ ಸಿಕಂದರ್. 1672ರಲ್ಲಿ ಪಟ್ಟಕ್ಕೆ ಬಂದಾಗ ಸುಮಾರು ನಾಲ್ಕು ವರ್ಷ. ಖವಾಸ್ ಖಾನ್, ಬಹ್ಲೋಲ್ ಖಾನ್, ಸಿದ್ದಿ ಮಸೂದ್ ಒಬ್ಬರಾದ ಮೇಲೊಬ್ಬರು ಪಾಲಕರಾದರು. ದಖ್ಖನಿ, ಪಠಾಣ್ ಎಂದು ದರ್ಬಾರು ಒಡೆದು ರಾಜ್ಯದ ಬಲ ಒಳಗೇ ಕರಗಿತು. 1686ರ ಸೆಪ್ಟೆಂಬರ್ 12ರಂದು ಹದಿನೆಂಟರ ಆಸುಪಾಸಿನ ಸಿಕಂದರ್ ಔರಂಗಜೇಬನಿಗೆ ಶರಣಾದ. 1700ರಲ್ಲಿ ಸೆರೆಯಲ್ಲೇ ತೀರಿಕೊಂಡ.

ಈಗ ಪ್ರಶ್ನೆಗೆ ಬರೋಣ. ಸಿಕಂದರ್ ದೊಡ್ಡವನಾಗಿದ್ದರೆ? ಅವನ ತಂದೆ ಎರಡನೇ ಅಲಿ 1656ರಲ್ಲಿ ಪಟ್ಟಕ್ಕೆ ಬಂದಾಗ ಕೂಸೇನೂ ಆಗಿರಲಿಲ್ಲ. ಆದರೂ ‘ಇವನು ಸುಲ್ತಾನ್ ಮುಹಮ್ಮದನ ಸ್ವಂತ ಮಗನಲ್ಲ’ ಎಂಬ ನೆಪ ಹಿಡಿದು ಮೊಗಲರು 1657ರಲ್ಲಿ ದಾಳಿ ಮಾಡಿದರು. ಅಂದರೆ ವಯಸ್ಸು ಒಂದೇ ಕಾರಣವಲ್ಲ.

ಸ್ಪೇನಿನ ಇತಿಹಾಸ ಓದುವವರೂ ಹೀಗೆಯೇ ಕೇಳುತ್ತಾರೆ. 1498ರಲ್ಲಿ ಹುಟ್ಟಿದ ಮಿಗೆಲ್ ಎಂಬ ಶಿಶು ಪೋರ್ಚುಗಲ್, ಕ್ಯಾಸ್ಟೈಲ್, ಅರಗಾನ್ ಮೂರಕ್ಕೂ ವಾರಸುದಾರ. ಎರಡು ವರ್ಷ ತುಂಬುವ ಮೊದಲೇ, 1500ರಲ್ಲಿ ಗ್ರನಾಡಾದಲ್ಲಿ ತೀರಿಕೊಂಡಿತು. ಆ ಮಗು ಬದುಕಿದ್ದರೆ ಅಲ್ಲಿನ ಮುಸ್ಲಿಮರ ಗತಿ ಬೇರೆಯಾಗುತ್ತಿತ್ತೇ? 1502ರಲ್ಲಿ ಕ್ಯಾಸ್ಟೈಲಿನ ಮುಸ್ಲಿಮರಿಗೆ ‘ಮತಾಂತರವಾಗಿ, ಇಲ್ಲ ಹೊರಡಿ’ ಎಂಬ ಆಜ್ಞೆ ಹೊರಟಿತು. ಆದರೆ ಆ ಮಗುವಿನ ತಂದೆ ಮ್ಯಾನುಯೆಲ್ 1496ರಲ್ಲೇ ಪೋರ್ಚುಗಲ್ಲಿನಿಂದ ಯಹೂದಿಗಳನ್ನೂ ಮುಸ್ಲಿಮರನ್ನೂ ಹೊರಹಾಕುವ ಆಜ್ಞೆ ಕೊಟ್ಟಿದ್ದ. ಒಂದು ಕೂಸಿನ ಉಸಿರಿನ ಮೇಲೆ ಎಲ್ಲವೂ ನಿಂತಿರಲಿಲ್ಲ. ಗ್ರನಾಡಾವಂತೂ ಅದಕ್ಕೂ ಮೊದಲು, 1492ರ ಜನವರಿ 2ರಂದೇ ಹೋಗಿತ್ತು. ಶತ್ರು ಬಾಗಿಲಲ್ಲಿದ್ದಾಗ ಅಲ್ಲಿ ತಂದೆ ಅಬುಲ್ ಹಸನ್, ಮಗ ಅಬೂ ಅಬ್ದುಲ್ಲಾ, ಚಿಕ್ಕಪ್ಪ ಅಝ್ಝಗಲ್ ತಮ್ಮತಮ್ಮಲ್ಲೇ ಸಿಂಹಾಸನಕ್ಕಾಗಿ ಕಾದಾಡಿದರು. ಮೂವರೂ ದೊಡ್ಡವರೇ, ಒಬ್ಬರೂ ಕೂಸಲ್ಲ.

ಆದ್ದರಿಂದ ಹುಡುಗನಿಗೆ ನಮ್ಮ ಉತ್ತರ ಇದು: ರಾಜ್ಯ ಉಳಿಯುತ್ತಿತ್ತೋ ಇಲ್ಲವೋ ಅಲ್ಲಾಹನೇ ಬಲ್ಲ. ಹೋದ ರಾಜ್ಯಕ್ಕೆ ಅಳುವುದೂ ನಮ್ಮ ಕೆಲಸವಲ್ಲ. ಆದರೆ ಒಂದು ಮಾತು ಕಣ್ಣಿಗೆ ಕಾಣುತ್ತದೆ. ಮಗು ಚಿಕ್ಕದಾಗಿರುವುದು ಮಗುವಿನ ತಪ್ಪಲ್ಲ. ಅದರ ಸುತ್ತ ನಿಂತ ದೊಡ್ಡವರು ಅಮಾನತ್ತು ಕಾಯುತ್ತಾರೋ, ಪಾಲು ಹುಡುಕುತ್ತಾರೋ ಎಂಬುದೇ ಪ್ರಶ್ನೆ.

ಈ ಪ್ರಶ್ನೆ ಅರಮನೆಯದು ಮಾತ್ರವಲ್ಲ. ನಮ್ಮ ಭಾಗದ ಒಂದು ಮನೆಯಲ್ಲಿ ಯಜಮಾನ ಹಠಾತ್ತನೆ ತೀರಿಕೊಂಡರು. ಮಕ್ಕಳು ಸಣ್ಣವರು, ದ್ರಾಕ್ಷಿ ತೋಟ ಅಣ್ಣತಮ್ಮಂದಿರ ಜಂಟಿಯಲ್ಲಿತ್ತು. ಸಾಲ ಯಾರ ಹೆಸರಲ್ಲಿ, ಕೈಗಡ ಎಷ್ಟು, ಮಹರ್ ಸಂದಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇದ್ದತ್ ಮುಗಿಯುವ ಮೊದಲೇ ಜಗಳ ಶುರುವಾಯಿತು. ಆ ತಾಯಿ ಬಾಗಿಲ ಮರೆಯಿಂದ ನಮಗೆ ಹೇಳಿದ್ದು ಒಂದೇ ಮಾತು: “ಅವರು ಒಂದು ಚೀಟಿಯಲ್ಲಾದರೂ ಬರೆದಿಟ್ಟಿದ್ದರೆ.” ಆ ‘ರೆ’ಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಬದುಕಿರುವವರ ಬಳಿ ಮಾತ್ರ ಉತ್ತರವಿದೆ.

ಸೂರಃ ಅನ್ನಿಸಾ ಅನಾಥರ ಮಾತಿನಿಂದಲೇ ಆರಂಭದಂತಿದೆ. ಅವರ ಸೊತ್ತನ್ನು ನಿಮ್ಮದರಲ್ಲಿ ಬೆರೆಸಿ ತಿನ್ನಬೇಡಿ. ಪ್ರಾಯಕ್ಕೆ ಬಂದು ತಿಳಿವಳಿಕೆ ಕಂಡಾಗ ಸಾಕ್ಷಿಗಳ ಮುಂದೆ ಒಪ್ಪಿಸಿ. ಅನ್ಯಾಯವಾಗಿ ತಿಂದವರು ಹೊಟ್ಟೆಗೆ ಬೆಂಕಿ ತುಂಬಿಕೊಳ್ಳುತ್ತಾರೆ. ಬಳಿಕವೇ ಪಾಲುಗಳ ಆಯತ್‌ಗಳು ಬರುತ್ತವೆ.

ವಸಿಯ್ಯತ್ ಎಂದರೆ ಮಗನಿಗೆ ಹೆಚ್ಚು, ಮಗಳಿಗೆ ಇಲ್ಲ ಎಂದು ಬರೆಯುವುದಲ್ಲ. ವಾರಸುದಾರರ ಪಾಲನ್ನು ಅಲ್ಲಾಹನೇ ನಿಗದಿ ಮಾಡಿದ್ದಾನೆ, ಅವರಿಗೆ ವಸಿಯ್ಯತ್ ಇಲ್ಲ. ಬೇರೆಯವರಿಗೆ, ಸತ್ಕಾರ್ಯಕ್ಕೆ ಮೂರನೇ ಒಂದು ಭಾಗದವರೆಗೆ ಬರೆಯಬಹುದು. ಅದಕ್ಕಿಂತ ಮುಖ್ಯ: ಕೊಡಬೇಕಾದ ಸಾಲ, ಬರಬೇಕಾದ ಹಣ, ಸಲ್ಲದ ಮಹರ್, ನಮ್ಮಲ್ಲಿರುವ ಇತರರ ಅಮಾನತ್ತು, ಹೊಲದ ಉತಾರ ಎಲ್ಲಿದೆ, ಮಕ್ಕಳು ಸಣ್ಣವರಿದ್ದರೆ ಅವರ ಸೊತ್ತು ನೋಡುವವರು ಯಾರು. ಇಬ್ಬರು ನಂಬಿಗಸ್ತ ಸಾಕ್ಷಿಗಳ ಸಹಿ ಹಾಕಿಸಿ, ತಿಳಿದ ವಕೀಲರಿಗೂ ಒಮ್ಮೆ ತೋರಿಸಿ. ವಸಿಯ್ಯತ್ ಮಾಡಬೇಕಾದದ್ದಿರುವ ಮುಸ್ಲಿಮನು ಅದನ್ನು ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂದು ಪ್ರವಾದಿ(ಸ) ಕಲಿಸಿದ್ದಾರೆ.

ಮಿಂಬರಿನ ಮೇಲೆ ನಿಂತು ಇದನ್ನು ಹೇಳುವಾಗ ನಮ್ಮ ಸ್ವಂತ ವಸಿಯ್ಯತ್ ಬರೆದಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇವೆ. ಅಂದು ಮಗ್ರಿಬ್ ನಂತರ ಕೂತು ಬರೆದೆವು. ಒಂದೂವರೆ ಪುಟವಾಯಿತು. ಅದರಲ್ಲಿ ನಾವೇ ಮರೆತಿದ್ದ ಒಂದು ಕೈಗಡವೂ ಇತ್ತು.

ಅನಾಥರ ಹಕ್ಕು ಕಾಯುವ ಶಕ್ತಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.