ಕಂಡ ಕಣ್ಣಿಗೂ ಹೊಣೆಯುಂಟು

2017ರ ಜನವರಿ 1. ಹೊಸ ವರ್ಷದ ಸಡಗರ ಮುಗಿಸಿ ಬೆಂಗಳೂರು ನಿದ್ದೆಗೆ ಜಾರುತ್ತಿದ್ದ ಹೊತ್ತು. ಬಾಣಸವಾಡಿಗೆ ಅಂಟಿಕೊಂಡಂತಿರುವ ಕಮ್ಮನಹಳ್ಳಿಯ ರಸ್ತೆಯೊಂದರಲ್ಲಿ, ಗಂಟೆ ಎರಡೂವರೆ ದಾಟಿದ ಮೇಲೆ, ಯುವತಿಯೊಬ್ಬಳು ಮನೆಯ ಕಡೆಗೆ ನಡೆದಿದ್ದಳು. ಸ್ಕೂಟರಿನಲ್ಲಿ ಬಂದ ಇಬ್ಬರು ಅಡ್ಡಗಟ್ಟಿ ಆಕೆಯ ಮೇಲೆ ಕೈಮಾಡಿದರು. ಹತ್ತಿರದ ಮನೆಯೊಂದರ ಸಿ.ಸಿ.ಟಿ.ವಿ. ಕ್ಯಾಮೆರಾ ಅದನ್ನು ದಾಖಲಿಸಿಕೊಂಡಿತು.

ಆಕೆ ಮೊದಲು ದೂರು ಕೊಟ್ಟಿರಲಿಲ್ಲ. ದೃಶ್ಯ ಹೊರಬಂದ ಮೇಲೆ ಪೊಲೀಸರು ತಾವೇ ಮೊಕದ್ದಮೆ ದಾಖಲಿಸಿದರು. ಜನವರಿ 5ರಂದು ಆಗಿನ ಪೊಲೀಸ್ ಆಯುಕ್ತ ಪ್ರವೀಣ್ ಸೂದ್ ನಾಲ್ವರ ಬಂಧನವನ್ನು ಪ್ರಕಟಿಸಿದರು. ಆ ಕ್ಯಾಮೆರಾ ಇಲ್ಲದಿದ್ದರೆ ಈ ಘಟನೆ ಬೆಳಗಾಗುವುದರೊಳಗೆ ಅಳಿಸಿಹೋಗುತ್ತಿತ್ತು. ಆದರೆ ಅದೇ ದೃಶ್ಯ ದೇಶದ ಟಿ.ವಿ. ಪರದೆಗಳಲ್ಲೆಲ್ಲ ಮತ್ತೆ ಮತ್ತೆ ಓಡಿತು. ಆ ಯುವತಿಯನ್ನು ಯಾರಾದರೂ ಒಂದು ಮಾತು ಕೇಳಿದ್ದರೇ? ಪ್ರಶ್ನೆ ಸಣ್ಣದಲ್ಲ.

ಹರಡಿದ ವಿಡಿಯೋ

ಅಲ್ಲಿಂದ ತುಸು ದೂರದ ರಾಮಮೂರ್ತಿನಗರದಲ್ಲಿ 2021ರ ಮೇ ತಿಂಗಳಲ್ಲಿ ಇದಕ್ಕಿಂತ ಘೋರವಾದುದು ನಡೆಯಿತು. ಬಾಂಗ್ಲಾದೇಶದ ಯುವತಿಯೊಬ್ಬಳನ್ನು ಹಿಂಸಿಸಿ ಅತ್ಯಾಚಾರ ಎಸಗಿದವರು ತಮ್ಮ ಕೃತ್ಯವನ್ನು ತಾವೇ ಚಿತ್ರೀಕರಿಸಿದರು. ವಿಡಿಯೋ ಫೋನಿನಿಂದ ಫೋನಿಗೆ ಹಾರಿ ಬಾಂಗ್ಲಾದೇಶವನ್ನೂ ಈಶಾನ್ಯ ರಾಜ್ಯಗಳನ್ನೂ ಮುಟ್ಟಿತು. ಈಕೆ ಈಶಾನ್ಯದವಳೆಂಬ ಗುಲ್ಲೆದ್ದಿತು. ಜೋಧಪುರದಲ್ಲಿ ತೀರಿಕೊಂಡಿದ್ದ ನಾಗಾ ಯುವತಿಯೊಬ್ಬಳಿಗೂ ಈ ದೃಶ್ಯಕ್ಕೂ ಗಂಟು ಹಾಕಲಾಯಿತು. ಎರಡಕ್ಕೂ ಸಂಬಂಧವಿಲ್ಲವೆಂದು ಆಗ ಕೇಂದ್ರ ಸಚಿವರಾಗಿದ್ದ ಕಿರಣ್ ರಿಜಿಜು ಅವರೇ ಹೇಳಬೇಕಾಯಿತು. ಮಗಳನ್ನು ಕಳೆದುಕೊಂಡ ಮನೆಯೊಂದರ ದುಃಖಕ್ಕೆ ಸುಳ್ಳಿನ ಬರೆಯೂ ಬಿತ್ತು.

ಅಸ್ಸಾಂ ಪೊಲೀಸರು ಆಗ ಮಾಡಿದ ಕೆಲಸ ಗಮನಾರ್ಹ. ಅವರು ಸಾರ್ವಜನಿಕರ ಮುಂದಿಟ್ಟದ್ದು ವಿಡಿಯೋವನ್ನಲ್ಲ, ಅದರಲ್ಲಿದ್ದ ಆರೋಪಿಗಳ ಮುಖಗಳನ್ನು ಮಾತ್ರ. ಬೆಂಗಳೂರು ಪೊಲೀಸರು ಬೇಗನೆ ಆರೋಪಿಗಳನ್ನು ಹಿಡಿದರು. ಒಂದು ವರ್ಷದೊಳಗೆ, 2022ರ ಮೇ ತಿಂಗಳಲ್ಲಿ, ನಗರದ ವಿಶೇಷ ನ್ಯಾಯಾಲಯ ಏಳು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅಪರಾಧಿಯನ್ನು ತೋರಿಸಲು ನೊಂದವಳನ್ನು ತೋರಿಸಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಸಾಕ್ಷಿ ಕೆಡುವುದು ಹೇಗೆ?

ವಿಡಿಯೋ ಸಿಕ್ಕಿತೆಂದರೆ ನ್ಯಾಯ ಸಿಕ್ಕಿತೆಂದೇ ಹಲವರ ಎಣಿಕೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1991ರ ಮಾರ್ಚ್ 3ರಂದು ಪೊಲೀಸರು ರಾಡ್ನಿ ಕಿಂಗ್ ಎಂಬುವರನ್ನು ಬಡಿಯುತ್ತಿದ್ದುದನ್ನು ಜಾರ್ಜ್ ಹಾಲಿಡೇ ತಮ್ಮ ಮನೆಯ ಬಾಲ್ಕನಿಯಿಂದ ಚಿತ್ರೀಕರಿಸಿದರು. ಜಗತ್ತೇ ಅದನ್ನು ನೋಡಿತು. ಆದರೂ ಮರುವರ್ಷ ತೀರ್ಪುಗಾರರ ಮಂಡಳಿ ಆ ಅಧಿಕಾರಿಗಳನ್ನು ದೋಷಿಗಳೆನ್ನಲಿಲ್ಲ. ಪ್ರತಿವಾದಿ ವಕೀಲರು ಚಿತ್ರವನ್ನು ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ, ಬೇರೆಯೇ ಅರ್ಥ ಹೇಳಿದ್ದರು. ಸಂಗೀತಗಾರ ಪೀಟರ್ ಗೇಬ್ರಿಯಲ್ ಮುಂತಾದವರು 'ವಿಟ್ನೆಸ್' ಸಂಸ್ಥೆಯನ್ನು ಕಟ್ಟಿದ್ದು ಅದೇ 1992ರಲ್ಲಿ. ಮಾನವ ಹಕ್ಕುಗಳ ಉಲ್ಲಂಘನೆಯನ್ನು ಸುರಕ್ಷಿತವಾಗಿ ದಾಖಲಿಸುವುದನ್ನು ಜನಸಾಮಾನ್ಯರಿಗೆ ಕಲಿಸುವುದೇ ಅದರ ಕೆಲಸ.

ಪ್ರತಿಯೊಂದು ವಿಡಿಯೋ ಕಡತವೂ ಅಂಕಿಗಳ ಒಂದು ದೊಡ್ಡ ರಾಶಿ. ಅದರಿಂದ ಗಣಿತದ ಸೂತ್ರವೊಂದು 'ಹ್ಯಾಷ್' ಎಂಬ ಪುಟ್ಟ ಗುರುತನ್ನು ತೆಗೆಯುತ್ತದೆ. ಇದು ಮನುಷ್ಯನ ಬೆರಳಚ್ಚಿನಂತೆ. ಒಂದು ಚುಕ್ಕೆ ಬದಲಾದರೂ ಹ್ಯಾಷ್ ಪೂರ್ತಿ ಬದಲಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ ವಿಡಿಯೋ ದಾರಿಯಲ್ಲೇ ಕುಗ್ಗಿ ಬೇರೆಯ ಕಡತವಾಗುತ್ತದೆ. ಆದ್ದರಿಂದ ಮೂಲ ಕಡತವನ್ನು ಕತ್ತರಿಸದೆ, ಬಣ್ಣ ತಿದ್ದದೆ, ಹಾಗೆಯೇ ಉಳಿಸಬೇಕು. ಪ್ರತಿಯೊಂದನ್ನು ಬೇರೆಡೆ ಜೋಪಾನವಾಗಿಡಬೇಕು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಹ್ಯಾಷ್ ಮೌಲ್ಯವನ್ನೂ ನಮೂದಿಸಬೇಕು. ಸಿ.ಸಿ.ಟಿ.ವಿ.ಯ ವಿಷಯದಲ್ಲಂತೂ ತಡಮಾಡುವಂತಿಲ್ಲ. ಡಿಸ್ಕ್ ತುಂಬಿದಂತೆ ಯಂತ್ರ ಹಳೆಯದರ ಮೇಲೆಯೇ ಹೊಸದನ್ನು ಬರೆದುಬಿಡುತ್ತದೆ. ಯಂತ್ರದ ಗಡಿಯಾರ ತಪ್ಪಿದ್ದರೆ ತಿದ್ದಲು ಹೋಗದೆ, ಸರಿಯಾದ ಸಮಯಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳುವುದು ಜಾಣತನ.

ಹಿಡಿಯುವವರ ಹೊಣೆ

ಕಣ್ಣೆದುರು ಹಲ್ಲೆ ನಡೆಯುತ್ತಿದ್ದರೆ ಮೊದಲು 112ಕ್ಕೆ ಕರೆ, ಆಮೇಲೆ ಕ್ಯಾಮೆರಾ. ದೂರದಿಂದ, ಸುರಕ್ಷಿತ ಜಾಗದಿಂದ, ಫೋನನ್ನು ಅಡ್ಡಲಾಗಿ ಅಲುಗದಂತೆ ಹಿಡಿಯಬೇಕು. ಅಂಗಡಿಯ ಫಲಕ, ರಸ್ತೆಯ ಹೆಸರು, ವಾಹನದ ಸಂಖ್ಯೆ ಒಮ್ಮೆಯಾದರೂ ಚಿತ್ರದಲ್ಲಿ ಬಂದರೆ ಸ್ಥಳದ ಬಗ್ಗೆ ವಾದ ಉಳಿಯದು. ನಡುವೆ ವ್ಯಾಖ್ಯಾನ ಬೇಡ.

ನಂತರದ್ದು ಹೆಚ್ಚು ಕಷ್ಟದ ಕೆಲಸ: ಹಂಚದೆ ಇರುವುದು. ಲೈಂಗಿಕ ಅಪರಾಧಕ್ಕೆ ಗುರಿಯಾದವರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಎರಡು ವರ್ಷದವರೆಗೆ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ಹೆಸರು ಮಾತ್ರವಲ್ಲ, ಗುರುತು ಸಿಗುವಂಥ ಯಾವ ವಿವರವೂ ಕೂಡದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮುಖ ಮಸುಕು ಮಾಡಿದರೆ ಸಾಲದು. ಬಟ್ಟೆ, ದನಿ, ಮನೆಯ ಗೇಟು, ಬೀದಿಯ ತಿರುವು ಇವೂ ನೆರೆಹೊರೆಯವರಿಗೆ ಗುರುತು ಹೇಳುತ್ತವೆ. ಫೋನಿನ ಕಡತದಲ್ಲಿ ಸ್ಥಳ, ಸಮಯಗಳೂ ಅಡಗಿರುತ್ತವೆ. ತನಿಖೆಗೆ ವರವಾಗುವ ಆ ವಿವರ, ಬೀದಿಗೆ ಬಿದ್ದರೆ ಚಿತ್ರೀಕರಿಸಿದವರಿಗೇ ಅಪಾಯ ತಂದೀತು. ಮೂಲ ಕಡತ ತಲುಪಬೇಕಾದದ್ದು ತನಿಖಾಧಿಕಾರಿಗೆ, ವಕೀಲರಿಗೆ ಅಥವಾ ಮಾನವ ಹಕ್ಕುಗಳ ಆಯೋಗಕ್ಕೆ.

ಪೊಲೀಸರ ಮೇಲೆಯೇ ದೂರಿದ್ದರೆ? ಅದಕ್ಕೂ ದಾರಿಯಿದೆ. ಠಾಣೆಗಳಲ್ಲೆಲ್ಲ ಸಿ.ಸಿ.ಟಿ.ವಿ. ಇರಬೇಕು, ಚಿತ್ರಗಳನ್ನು ಕನಿಷ್ಠ ಒಂದು ವರ್ಷವಾದರೂ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಆದೇಶಿಸಿತು. ಠಾಣೆಯೊಳಗೆ ಹಿಂಸೆಯಾಯಿತೆಂಬ ದೂರು ಬಂದರೆ ಮಾನವ ಹಕ್ಕುಗಳ ಆಯೋಗವೂ ನ್ಯಾಯಾಲಯವೂ ಆ ದೃಶ್ಯಗಳನ್ನು ತರಿಸಿಕೊಳ್ಳಬಹುದು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ಹಳೆಯ ಮಾತು. ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವ ಈ ಕಾಲದಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಬೇಕಾಗಿದೆ: ಪ್ರಮಾಣ ಸಿಕ್ಕರೂ, ನೊಂದವರ ಮುಖ ನೆನೆದು ನಡೆ. ಕಮ್ಮನಹಳ್ಳಿಯ ಆ ಯುವತಿಯೂ ರಾಮಮೂರ್ತಿನಗರದ ಆಕೆಯೂ ಬದುಕಬೇಕಾದದ್ದು ವಿಡಿಯೋದಲ್ಲಲ್ಲ, ನಮ್ಮ ನಿಮ್ಮೆಲ್ಲರ ನಡುವೆ.